ಕೂತು ನೋಡದ ಗಾಡಿ

ಮಂಗಳೂರಿನ ಜೆಪ್ಪುವಿನ ಕಾಸಿಂ ಹಾಜಿಯವರ ಮನೆಯಲ್ಲಿ ಹೊಸ ಕಾರಿನ ಮಾತು ಹುಟ್ಟಿದ್ದು ಒಂದು ಭಾನುವಾರ ಮಧ್ಯಾಹ್ನ, ಬೂತಾಯಿ ಹುರಿದ ಕಾವಲಿ ಇನ್ನೂ ಒಲೆಯ ಮೇಲಿರುವಾಗ. ಹುಟ್ಟಿಸಿದವನು ಹಿರಿಯ ಮಗ ಅನ್ಸಾರ್. ಮೀನಿನ ಮುಳ್ಳು ಬಿಡಿಸುತ್ತಾ, "ಉಮ್ಮನಿಗೆ ಒಂದು ಗಾಡಿ ತೆಗೆಯುವ" ಅಂದ. ಊಟಕ್ಕೆ ಕೂತವರೆಲ್ಲ ತಲೆಯೆತ್ತಿದರು. ಉಮ್ಮ, ಅಂದರೆ ನಾಝಿಮಾ, ಮಾತ್ರ ತಲೆಯೆತ್ತಲಿಲ್ಲ. ತನ್ನ ಹೆಸರಿನಲ್ಲಿ ಈ ಮನೆಗೆ ಬಂದ ಸಾಮಾನು ಕೊನೆಗೆ ಯಾರ ಪಾಲಾಗುತ್ತದೆ ಎಂದು ಅವಳು ಬಲ್ಲಳು. ಅವಳ ಬೆನ್ನಿಗೆಂದು ತಂದ ಮಸಾಜ್ ಕುರ್ಚಿಯಲ್ಲಿ ಕಿರಿಯ ಮಗ ಇಜಾಝ್ ಕಾಲು ಚಾಚಿ ಕ್ರಿಕೆಟ್ ನೋಡುತ್ತಾನೆ.

ಆದರೂ ಈ ಸಲದ ಮಾತಿನಲ್ಲಿ ಹುರುಳಿತ್ತು. ಕಳೆದ ಮಳೆಗಾಲದಲ್ಲಿ ಮದುವೆಯೊಂದನ್ನು ಮುಗಿಸಿ ಬಂದು, ಮನೆಯ ಎತ್ತರದ ಗಾಡಿಯಿಂದ ಇಳಿಯುವಾಗ ಒದ್ದೆ ಫುಟ್‌ಬೋರ್ಡಿನಲ್ಲಿ ಕಾಲು ಜಾರಿ ನಾಝಿಮಾ ಅಂಗಳಕ್ಕೆ ಬಿದ್ದಿದ್ದಳು. ಸೊಂಟದ ಕೀಲು ಮುರಿದು ಬದಲಿ ಕೀಲು ಹಾಕಿಸಬೇಕಾಯಿತು. ಈಗ ವಾಕರ್ ಹಿಡಿದು ಮನೆಯೊಳಗೆಲ್ಲ ಓಡಾಡುತ್ತಾಳೆ, ನಿಂತು ಅಕ್ಕಿಹಿಟ್ಟಿನ ಪತ್ತಿರಿ ತಟ್ಟುತ್ತಾಳೆ, ಸೊಸೆ ರೈಹಾನಾ ಮೀನು ಸರಿಯಾಗಿ ತೊಳೆದಿದ್ದಾಳೋ ಇಲ್ಲವೋ ಎಂದು ಮೂಸಿ ನೋಡುತ್ತಾಳೆ. ಗೇಟು ದಾಟುವುದು ಮಾತ್ರ ಆಸ್ಪತ್ರೆಗೆ ಹೋಗುವಾಗ. ಆಗ ಇಬ್ಬರು ಗಂಡುಮಕ್ಕಳು ಆಚೆಗೊಬ್ಬ ಈಚೆಗೊಬ್ಬ ನಿಂತು, ಸಕ್ಕರೆ ಮೂಟೆಯ ಹಾಗೆ ಅವಳನ್ನು ಎತ್ತಿ ಗಾಡಿಯೊಳಗೆ ಇಡುತ್ತಾರೆ. ಎದುರು ಮನೆಯ ಹೇಮಾಕ್ಷಿ ಮಹಡಿಯಿಂದ "ಜಾಗ್ರತೆ, ಜಾಗ್ರತೆ!" ಎಂದು ಕೂಗುತ್ತಾಳೆ. ಸೊಂಟದ ನೋವನ್ನಾದರೂ ಸಹಿಸಬಹುದು, ಆ ಕೂಗನ್ನು ಸಹಿಸುವುದು ನಾಝಿಮಾಗೆ ಕಷ್ಟ.

ಮೊದಲೆಲ್ಲ ಶುಕ್ರವಾರ ಜುಮಾ ನಮಾಜು ಮುಗಿದು ಗಂಡಸರು ಮನೆಗೆ ಬಂದದ್ದೇ ತಡ, ಅವಳು ವಾಮಂಜೂರಿನಲ್ಲಿರುವ ಅಕ್ಕ ಪಾತುಮ್ಮನ ಮನೆಗೆ ಹೊರಡುತ್ತಿದ್ದಳು. ಸಂಜೆ ತನಕ ಅಕ್ಕತಂಗಿಯರ ಹರಟೆ, ಜಗಳ, ಚಹಾ. ಬಿದ್ದ ಮೇಲೆ ಅದು ನಿಂತಿತು. ಪಾತುಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿ ಅವಳೂ ಬರುವ ಹಾಗಿಲ್ಲ. "ಎತ್ತಿಸಿಕೊಂಡು ನಾನು ಯಾರ ಮನೆಗೂ ಬರುದಿಲ್ಲ. ನನ್ನ ಕಾಲಲ್ಲಿ ಹತ್ತಿ ನನ್ನ ಕಾಲಲ್ಲಿ ಇಳೀಲಿಕ್ಕೆ ಆಗುವ ದಿನ ಬರ್ತೇನೆ" ಎಂದು ನಾಝಿಮಾ ಫೋನಿನಲ್ಲಿ ಹೇಳಿಬಿಟ್ಟಿದ್ದಳು. ಹೇಳುವಾಗ ಗಟ್ಟಿಯಾಗಿಯೇ ಹೇಳಿದ್ದಳು. ಶುಕ್ರವಾರ ಮಧ್ಯಾಹ್ನವಾದರೆ ಮಾತ್ರ ಮನಸ್ಸು ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿತ್ತು, ಕಣ್ಣು ತುಂಬುತ್ತಿತ್ತು.

"ವ್ಯಾಗನ್ ಅಂತ ಉಂಟು ಉಪ್ಪ" ಎಂದು ಅನ್ಸಾರ್ ತಂದೆಗೆ ವಿವರಿಸಿದ. "ನಮ್ಮ ಗಾಡಿಯಷ್ಟು ಎತ್ತರ ಇಲ್ಲ, ಕಾರಿನ ಹಾಗೇ ತಗ್ಗು. ಆದ್ರೆ ಹಿಂದೆ ಉದ್ದಕ್ಕೆ ಡಿಕ್ಕಿ. ವಾಕರ್ ಮಡಚದೆ ಇಡ್ಬಹುದು."

"ಆಂಬುಲೆನ್ಸಾ?" ಕಾಸಿಂ ಹಾಜಿ ಕೇಳಿದರು.

"ಅಲ್ಲ ಮಾರಾಯ್ರೆ! ಫಾರಿನ್ ಕಂಪೆನಿಯದ್ದು, ಲಕ್ಸುರಿ. ಸೈಜ್ ಸಣ್ಣದು, ನಮ್ಮ ಓಣಿಗೆ ಹಿಡೀತದೆ."

"ಜೆಪ್ಪುವಿಂದ ವಾಮಂಜೂರಿಗೆ ಹೋಗ್ಲಿಕ್ಕೆ ಲಕ್ಸುರಿ ಯಾಕೆ?" ಇಜಾಝ್ ಬಾಯಿ ಹಾಕಿದ.

"ಈ ಆಕಾರದ್ದು ಬೇರೆಯವರು ಇಲ್ಲಿ ಮಾರುದಿಲ್ಲ. ಮೂರು ಮಾಡೆಲ್ ಉಂಟು. ಬೇಸ್, ಮಿಡ್ಲ್, ಟಾಪ್. ತೆಗೆಯುದಾದ್ರೆ ಟಾಪೇ ತೆಗೀಬೇಕು. ಮೇಲೆ ಪೂರ್ತಿ ಗಾಜು. ಒಂದು ಬಟನ್ ಒತ್ತಿದ್ರೆ ಆಕಾಶ."

"ಸೊಂಟ ಮುರಿದವರು ಆಕಾಶ ನೋಡಿ ಎಂತ ಮಾಡುದು?" ಅನ್ನ ಬಡಿಸುತ್ತಿದ್ದ ರೈಹಾನಾ ಗಂಡನನ್ನು ಕೇಳಿದಳು. ನಾಝಿಮಾಗೆ ನಗು ಬಂತು. ನಗುವನ್ನು ಅವಳು ಸಾರಿನ ಜೊತೆ ನುಂಗಿದಳು.

ಕಾಸಿಂ ಹಾಜಿಯವರದು ಬಂದರಿನಲ್ಲಿ ಖರ್ಜೂರ, ದ್ರಾಕ್ಷಿ, ಗೋಡಂಬಿಯ ಸಗಟು ವ್ಯಾಪಾರ. ತಂದೆಯ ಕಾಲದ ಅಂಗಡಿ, ತಂದೆಯ ಕಾಲದ್ದೇ ಒಂದು ಕಾನೂನು: ಯಾವ ಮಾಲು ಮೂರು ದರ್ಜೆಯಲ್ಲಿ ಬಂದರೂ ನಡುವಿನದನ್ನೇ ತೆಗೆಯಬೇಕು. ಮೇಲಿನದರಲ್ಲಿ ಹೆಸರಿಗೆ ದುಡ್ಡು ಹೋಗುತ್ತದೆ, ಕೆಳಗಿನದರಲ್ಲಿ ಗಿರಾಕಿ ಹೋಗುತ್ತಾನೆ. ಈ ಕಾನೂನಿನಂತೆಯೇ ಅವರು ಮನೆಯ ಫ್ರಿಜ್ ತೆಗೆದಿದ್ದರು, ಹಜ್‌ಗೆ ಹೋಗುವಾಗ ಹೋಟೆಲ್ ರೂಮು ತೆಗೆದಿದ್ದರು, ಹೆಂಡತಿಗೆ ಹಾಕಿಸಿದ ಕೀಲನ್ನು ಕೂಡ ಡಾಕ್ಟರು ತೋರಿಸಿದ ಮೂರರಲ್ಲಿ ನಡುವಿನದನ್ನೇ ಆರಿಸಿದ್ದರು. ಈಗಲೂ ಕೈ ತೊಳೆದು ಬಂದು ತೀರ್ಪು ಕೊಟ್ಟರು: "ನಡುವಿನದ್ದು ನೋಡು."

ಆಮೇಲೆ ಎರಡು ಮೂರು ವಾರ ಆ ಮನೆಯಲ್ಲಿ ಕಾರಿಲ್ಲದ ಊಟವೇ ಇರಲಿಲ್ಲ. ಬೆಳಿಗ್ಗೆ ಪತ್ತಿರಿ ಮತ್ತು ಕೋಳಿ ಸಾರಿನ ನಡುವೆ ಸ್ಪೀಕರು, ಮಧ್ಯಾಹ್ನ ಗಂಜಿಯ ಮೇಲೆ ತನ್ನಷ್ಟಕ್ಕೆ ತೆರೆಯುವ ಡಿಕ್ಕಿ, ಸಂಜೆ ಚಹಾದ ಹೊತ್ತಿಗೆ ಚರ್ಮದ ಸೀಟು. ಅನ್ಸಾರ್ ಮೊಬೈಲಿನಲ್ಲಿ ಯಾರು ಯಾರೋ ಮಾತಾಡಿದ ವಿಡಿಯೋ ಹಾಕಿ ತಟ್ಟೆಗೆ ಒರಗಿಸಿ ಇಡುತ್ತಿದ್ದ. ಇಜಾಝ್‌ನ ಚಿಂತೆ ಒಂದೇ, ಐದು ವರ್ಷ ಬಿಟ್ಟು ಮಾರುವಾಗ ಏನು ಬೆಲೆ ಬರುತ್ತದೆ ಎಂಬುದು. ಹಾಜಿಯವರ ಪಕ್ಕದ ಅಂಗಡಿಯ ಸುಲೈಮಾನ್ ಕೂಡ ಸಂಜೆ ಬಂದು, ಸೋಫಾದಲ್ಲಿ ಕೂತು, ತನ್ನ ಭಾವನ ಮಗ ದುಬೈಯಲ್ಲಿ ಇಂಥದ್ದೇ ಇಟ್ಟಿದ್ದಾನೆ ಎಂದು ಹೇಳಿ ಹೋದ. ಎಲ್ಲರೂ ನಾಝಿಮಾಳನ್ನು ಕೇಳಿದ ಪ್ರಶ್ನೆ ಒಂದೇ: "ಉಮ್ಮ, ಇನ್ನೊಂದು ಚಹಾ ಉಂಟಾ?"

ಶನಿವಾರ ಟೆಸ್ಟ್ ಡ್ರೈವಿಗೆ ಗಾಡಿ ಮನೆಗೇ ಬರುತ್ತದೆ ಎಂದು ಅನ್ಸಾರ್ ಹೇಳಿದಾಗ ನಾಝಿಮಾಗೆ ಮೊದಲ ಬಾರಿಗೆ ಆಸೆ ಹುಟ್ಟಿತು. ಬೆಳಿಗ್ಗೆ ಬೇಗ ಮಿಂದಳು. ಪೆರ್ನಾಳ್ ಹಬ್ಬಕ್ಕೆ ಹೊಲಿಸಿ, ತೊಡದೆ ಇಟ್ಟಿದ್ದ ಬುರ್ಖಾ ಹಾಕಿದಳು. ರೈಹಾನಾ ಬಗ್ಗಿ ಅವಳ ಚಪ್ಪಲಿಯ ಪಟ್ಟಿ ಬಿಗಿದಳು. "ಬೆಲ್ಟು ಹಾಕುವಾಗ ಬುರ್ಖಾ ಎಳೆಯದ ಹಾಗೆ ನೋಡಿ ಮಾಮಿ" ಎಂದು ಬುದ್ಧಿ ಹೇಳಿದಳು.

ಗಾಡಿ ಬಂದು ಅಂಗಳದಲ್ಲಿ ನಿಂತಿತು. ಚಂದವೇ ಇತ್ತು, ಸುಳ್ಳು ಹೇಳಬಾರದು. ಕಡು ನೀಲಿ ಬಣ್ಣ, ಮೈಯೆಲ್ಲ ನುಣುಪು, ಮೇಲೆ ಅನ್ಸಾರ್ ಹೇಳಿದ ಗಾಜಿನ ಆಕಾಶ. ಅನ್ಸಾರ್ ಸ್ಟೇರಿಂಗ್ ಹಿಡಿದ. ಪಕ್ಕದಲ್ಲಿ ಶೋರೂಮಿನವನು ಕೂತ. ಹಿಂದೆ ಹಾಜಿಯವರು, ಇಜಾಝ್. ನಾಝಿಮಾ ವಾಕರ್ ಊರುತ್ತ ಮೆಟ್ಟಿಲ ತನಕ ಬಂದಳು. ಅಷ್ಟರಲ್ಲಿ ಗೇಟಿನಿಂದ ಸುಲೈಮಾನ್ ಓಡೋಡಿ ಬಂದು, "ನಾನೂ ಒಂದು ರೌಂಡ್!" ಎಂದು ಉಳಿದ ಜಾಗಕ್ಕೆ ತೂರಿಕೊಂಡ. ಬಾಗಿಲುಗಳು ಮುಚ್ಚಿದವು.

"ಈಗ ಬಂದೆವು ಉಮ್ಮ!" ಅನ್ಸಾರ್ ಕೈಬೀಸಿದ. ಗಾಡಿ ಸದ್ದಿಲ್ಲದೆ ಹೊರಟುಹೋಯಿತು.

ಈಗ ಎಂದರೆ ಒಂದು ಗಂಟೆ. ಪಡೀಲ್ ದಾಟಿ ಹೈವೇ ತನಕ ಓಡಿಸಿ, ದಾರಿಯಲ್ಲಿ ಗೋಳಿಬಜೆ ಕಟ್ಟಿಸಿಕೊಂಡು, ಎಲ್ಲರೂ ನಗುತ್ತ ಬಂದರು. ನಾಝಿಮಾ ಅದೇ ಬುರ್ಖಾದಲ್ಲಿ, ಅದೇ ಚಪ್ಪಲಿಯಲ್ಲಿ, ಚಾವಡಿಯ ಎತ್ತರದ ಕುರ್ಚಿಯಲ್ಲಿ ಕೂತಿದ್ದಳು.

"ಫಸ್ಟ್ ಕ್ಲಾಸ್ ಉಂಟು!" ಅಂದ ಇಜಾಝ್. ಆಮೇಲೆ ಅವಳನ್ನು ನೋಡಿದ. "ಉಮ್ಮ ಎಲ್ಲಿಗೆ ಹೊರಟದ್ದು?"

"ಆಸ್ಪತ್ರೆಗೆ. ತಲೆ ತೋರಿಸ್ಲಿಕ್ಕೆ" ನಾಝಿಮಾ ಅಂದಳು. "ನಿಮ್ಮನ್ನು ಹೆತ್ತ ತಲೆ ಅಲ್ವಾ, ಸರಿ ಉಂಟಾ ಅಂತ ಒಮ್ಮೆ ನೋಡಿಸುವ ಅಂತ."

ಯಾರಿಗೂ ಅರ್ಥವಾಗಲಿಲ್ಲ. ಮಾಮಿ ಹೊರಟು ನಿಂತದ್ದು ಇದೇ ಗಾಡಿಗೆಂದು ರೈಹಾನಾ ಬಿಡಿಸಿ ಹೇಳಬೇಕಾಯಿತು.

"ಅಯ್ಯೋ, ಗಾಡಿ ಹೇಗೂ ಉಮ್ಮನಿಗೇ ಅಲ್ವಾ?" ಅನ್ಸಾರ್ ಹಣೆ ಚಚ್ಚಿಕೊಂಡ. "ಬಂದ ಮೇಲೆ ದಿನಾ ಕೂತ್ಕೊಳ್ಬಹುದು. ಇವತ್ತು ನಾವು ಎಂಜಿನ್ ನೋಡುದು, ಬ್ರೇಕ್ ನೋಡುದು. ಉಮ್ಮ ಬಂದು ಎಂತ ನೋಡುದು?"

"ಹೌದು ಮಗ. ನಾನು ಎಂತ ನೋಡುದು" ಎಂದು ನಾಝಿಮಾ ಎದ್ದು ಒಳಗೆ ಹೋದಳು. ಗೋಳಿಬಜೆಯನ್ನು ಅವಳು ಮುಟ್ಟಲಿಲ್ಲ. ಅವಮಾನವಾಗಿತ್ತು, ಬಿಸಿಯಾದ ಅವಮಾನ. ಅವರು ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ಕೆಟ್ಟವರಲ್ಲವಲ್ಲ, ಅದೇ ಕಷ್ಟ.

ಸೋಮವಾರ ಕಾಸಿಂ ಹಾಜಿ ನಡುವಿನ ಮಾಡೆಲಿಗೆ ಅಡ್ವಾನ್ಸ್ ಕೊಟ್ಟು ಬಂದರು. ಅನ್ಸಾರ್ ಆಕಾಶಕ್ಕಾಗಿ ಎರಡು ದಿನ ಮುಖ ಊದಿಸಿ ತಿರುಗಿದ.

ಬುಧವಾರ ವ್ಯಾಯಾಮ ಮಾಡಿಸಲು ಫಿಸಿಯೋಥೆರಪಿಸ್ಟ್ ಎಸ್ತೆರ್ ಬಂದಳು. ವಾರಕ್ಕೊಮ್ಮೆ ಬರುವವಳು. ಕಾಲನ್ನು ಎತ್ತಿಸಿ ಇಳಿಸುತ್ತ ಮನೆಯ ಸುದ್ದಿಯೆಲ್ಲ ಕೇಳುವುದು ಅವಳ ಅಭ್ಯಾಸ. ಕಾರಿನ ಸುದ್ದಿ ಕೇಳಿ ಖುಷಿಪಟ್ಟಳು. "ಕೂತು ನೋಡಿದ್ರಾ?" ಎಂದು ಕೇಳಿದಳು.

"ಇಲ್ಲ."

"ಒಂದು ಸಲವೂ?"

"ಸುಲೈಮಾನ್ ಕೂತು ನೋಡಿದ್ದಾರೆ" ಅಂದಳು ನಾಝಿಮಾ.

ಎಸ್ತೆರ್ ನಗಲಿಲ್ಲ. "ಆಂಟಿ, ಸೀಟು ತೀರಾ ತಗ್ಗಿದ್ರೆ ನಿಮಗೆ ಆಗುದಿಲ್ಲ. ಕೂತಾಗ ಮೊಣಕಾಲಿಗಿಂತ ಸೊಂಟ ಸ್ವಲ್ಪ ಮೇಲೇ ಇರ್ಬೇಕು. ಮೊದಲು ಹಿಂದು ಹಿಂದಾಗಿ ಕೂತು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತೆಗೊಳ್ಬೇಕು. ಸೀಟಿನ ಅಂಚು ಚಪ್ಪಟೆ ಇರ್ಬೇಕು. ನೋಡದೆ ತೆಗೀಬೇಡಿ ಮಾರಾಯ್ರೆ."

ಆ ದಿನ ಹಾಜಿಯವರು ಮಧ್ಯಾಹ್ನ ಊಟಕ್ಕೆ ಬಂದಾಗ ನಾಝಿಮಾ ಬಂಗುಡೆ ಮೀನಿನ ಪುಳಿಮುಂಚಿ ಬಡಿಸಿದಳು. ಅವರ ಮೊದಲ ತುತ್ತು ಒಳಗೆ ಹೋಗುವ ತನಕ ಕಾದಳು.

"ಗಾಡಿ ಬೇಡ" ಅಂದಳು.

"ಹ್ಞಾಂ?"

"ನಾನು ಕೂತು ನೋಡದೆ ಬೇಡ."

"ಅಡ್ವಾನ್ಸ್ ಕೊಟ್ಟಾಯ್ತಲ್ಲ ಮಾರಾಯ್ತಿ. ನಡುವಿನದ್ದು ಯಾವತ್ತಾದ್ರೂ ಮೋಸ ಮಾಡಿದ್ದುಂಟಾ?"

"ನೀವು ಖರ್ಜೂರದ ಪೆಟ್ಟಿಗೆ ಹೇಗೆ ತೆಗೆಯುದು?"

"ಅದಕ್ಕೂ ಇದಕ್ಕೂ ಎಂತ ಸಂಬಂಧ?"

"ಹೇಳಿ."

"ಮುಚ್ಚಳ ತೆಗೆದು, ಒಂದು ತಿಂದು ನೋಡಿ."

"ನಡುವಿನ ದರ್ಜೆಯದ್ದಾದ್ರೂ?"

"ನಡುವಿನದ್ದಾದ್ರೂ."

"ಇಷ್ಟು ವರ್ಷದಲ್ಲಿ ಬಾಯಿಗೆ ಹಾಕದೆ ಒಂದು ಪೆಟ್ಟಿಗೆ ತಂದವರಲ್ಲ ನೀವು. ಇದನ್ನು ಯಾರ ಬಾಯಿಗೆ ಹಾಕಿ ನೋಡಿದ್ರಿ?" ನಾಝಿಮಾ ಸಾರಿನ ಸೌಟು ಕೆಳಗಿಟ್ಟಳು. "ನನಗೆ ಲಕ್ಸುರಿ ಬೇಡ. ಹಾಡು ಬೇಡ, ಆಕಾಶ ಬೇಡ. ಯಾರ ಕೈಯೂ ಇಲ್ಲದೆ ಹತ್ತಿ ಇಳೀಬೇಕು, ಅಷ್ಟೇ. ಅದು ಆಗುದಿಲ್ಲ ಅಂದ್ರೆ ನಿಮ್ಮ ಗಾಡಿಯನ್ನು ಅಂಗಡಿ ಮುಂದೆ ನಿಲ್ಲಿಸಿ, ಬಂದರಿನವರೆಲ್ಲ ಬಂದು ನೋಡ್ಲಿ."

ಹಾಜಿಯವರ ಕೈ ತಟ್ಟೆಯಲ್ಲೇ ಉಳಿಯಿತು. ವ್ಯಾಪಾರಿ ಮನುಷ್ಯ. ರುಚಿ ನೋಡದೆ ಮಾಲಿಗೆ ಅಡ್ವಾನ್ಸ್ ಕೊಟ್ಟಿದ್ದರು. ಊಟ ಮುಗಿಸಿದರು. ಕೈ ತೊಳೆದು ಬಂದು, "ನಾಳೆ ಹತ್ತು ಗಂಟೆಗೆ ರೆಡಿ ಇರು" ಎಂದರು.

ಹೋಗುವುದು ಹೇಗೆ? ಆ ಎತ್ತರದ ಗಾಡಿಯಲ್ಲೇ ಹೋಗಬೇಕು. ಮರುದಿನ ಮಕ್ಕಳಿಬ್ಬರೂ ಹಿಂಜರಿಯುತ್ತ ಬಂದು ನಿಂತಾಗ, ನಾಝಿಮಾ ಮುಖ ಬಿಗಿದು, "ಇದೊಂದು ಸಲ ಎತ್ತಿ" ಅಂದಳು. ಮಹಡಿಯಿಂದ ಹೇಮಾಕ್ಷಿ ಎಂದಿನಂತೆ ಕೂಗಿದಳು. ನಾಝಿಮಾ ಕಣ್ಣು ಮುಚ್ಚಿಕೊಂಡು ಒಳಗೆ ಹೋದಳು.

ಶೋರೂಮಿನಲ್ಲಿ ನೆಲ ಕನ್ನಡಿಯಂತಿತ್ತು, ಎಸಿಯ ಚಳಿ. ಅವರನ್ನು ಎದುರುಗೊಂಡವಳು ಸಂಚಿತಾ ಎಂಬ ಹುಡುಗಿ, ಅಲ್ಲಿಯ ಸೇಲ್ಸಿನವಳು. ನಾಝಿಮಾ ತುಳುವಿನಲ್ಲಿ, "ನಿನ್ನ ಇಲ್ಲ್ ಓಲು ಮಗಾ?" ಎಂದು ಮನೆ ಎಲ್ಲಿ ಎಂದು ಕೇಳಿದಳು. ಪಡೀಲ್ ಅಂದಳು ಸಂಚಿತಾ. ಅಲ್ಲಿಗೆ ಇಬ್ಬರ ನಡುವೆ ಇದ್ದ ಕೋಟು ಟೈಯ ಬಿಗುಮಾನವೆಲ್ಲ ಕಳಚಿಬಿತ್ತು.

ಮೊದಲು ನಡುವಿನ ಮಾಡೆಲ್. ಎಸ್ತೆರ್ ಹೇಳಿಕೊಟ್ಟ ಹಾಗೆ ನಾಝಿಮಾ ಬೆನ್ನು ತಿರುಗಿಸಿ ಕೂತಳು. ಕೂತಳು ಅನ್ನುವುದಕ್ಕಿಂತ ಮುಳುಗಿದಳು ಅನ್ನಬೇಕು. ಸೀಟಿನ ಎರಡೂ ಅಂಚು ದಿಂಬಿನ ಹಾಗೆ ಎತ್ತರ, ನಡುವೆ ಗುಂಡಿ. ಮೊಣಕಾಲು ಎದೆಯ ಕಡೆಗೆ ಬಂತು, ಸೊಂಟದಲ್ಲಿ ಮಿಂಚು ಹೊಡೆದಂತಾಯಿತು. ಕಾಲು ಒಳಗೆ ತರಲಾಗದು, ಏಳಲೂ ಆಗದು. ಕೊನೆಗೆ ಇಬ್ಬರು ಮಕ್ಕಳೂ ಹಿಡಿದು ಎಬ್ಬಿಸಬೇಕಾಯಿತು. ಅಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ನಾಝಿಮಾಳ ಕಣ್ಣಲ್ಲಿ ನೀರು ಬಂದದ್ದನ್ನು ಹಾಜಿಯವರು ಕಂಡರು, ಕಂಡು ಬೇರೆ ಕಡೆ ನೋಡಿದರು.

"ಟಾಪ್ ನೋಡುವ" ಅನ್ಸಾರ್ ಮೆಲ್ಲನೆ ಅಂದ. "ಅದ್ರಲ್ಲಿ ಬಟನ್ ಒತ್ತಿದ್ರೆ ಸೀಟು ಮೇಲೆ ಬರ್ತದೆ."

ಸೀಟು ಮೇಲೆ ಬಂತು, ಅದರ ಜೊತೆ ಆ ದಿಂಬಿನ ಅಂಚುಗಳೂ ಮೇಲೆ ಬಂದವು. ಆಕಾಶದ ಗಾಜಿನ ಚೌಕಟ್ಟು ತಲೆಗೆ ತಾಗಿತು. ನಾಝಿಮಾ ಅರ್ಧದಲ್ಲೇ ನಿಲ್ಲಿಸಿ ವಾಕರಿಗೆ ಕೈಹಾಕಿದಳು. ಮುಗಿಯಿತು ಅಂದುಕೊಂಡಳು. ಇನ್ನು ವಾಮಂಜೂರು ಫೋನಿನಲ್ಲೇ.

"ಮೂರನೆಯದ್ದು?" ಅವಳೇ ಕೇಳಿದಳು, ಸುಮ್ಮನೆ, ಹೊರಡುವ ಮೊದಲು.

ಸಂಚಿತಾ ನಾಚಿದಳು. "ಬೇಸ್ ಮಾಡೆಲ್ ಹಿಂದೆ ಯಾರ್ಡಲ್ಲಿ ಉಂಟು ಆಂಟಿ. ಅದನ್ನು ಯಾರೂ ಕೇಳುದಿಲ್ಲ, ಹಾಗೆ ನಾವೂ ತೋರಿಸುದಿಲ್ಲ. ಅದಕ್ಕೆ ಸ್ಪೋರ್ಟ್ಸ್ ಸೀಟ್ ಇಲ್ಲ, ಗಾಜಿನ ರೂಫ್ ಇಲ್ಲ, ಡಿಕ್ಕಿ ಕೈಯಲ್ಲೇ ತೆಗೀಬೇಕು. ಮತ್ತೆ..."

"ಮತ್ತೆ ಎಂತ ಉಂಟು?"

"ಸಾದಾ ಸೀಟು ಉಂಟು."

ಯಾರ್ಡಿನಲ್ಲಿ ಬಿಳಿ ಬಣ್ಣದ್ದೊಂದು ಗಾಡಿ ಧೂಳು ತಿನ್ನುತ್ತ ನಿಂತಿತ್ತು. ಸಂಚಿತಾ ಬಾಗಿಲು ತೆರೆದು, ಪಕ್ಕದ ಲಿವರ್ ಎಳೆದು ಸೀಟನ್ನು ಸ್ವಲ್ಪ ಮೇಲೆ ಮಾಡಿದಳು. ಬಟ್ಟೆಯ ಸೀಟು. ನಾಝಿಮಾ ಬೆನ್ನು ತಿರುಗಿಸಿ ಕೂತಳು. ಮನೆಯ ಕುರ್ಚಿಯಲ್ಲಿ ಕೂತ ಹಾಗೆ ಆಯಿತು. ಎರಡೂ ಕಾಲು ಒಟ್ಟಿಗೆ ಎತ್ತಿ ತಿರುಗಿದಳು. ಕಾಲು ಒಳಗೆ ಬಂತು. ತಿರುಗಿ ಹೊರಗೆ ಬಂದಳು. ಪುನಃ ಹತ್ತಿದಳು. ಪುನಃ ಇಳಿದಳು. ಮತ್ತೊಮ್ಮೆ ಹತ್ತಿದಳು.

"ಎಂತಾದ್ರೂ ತೊಂದರೆ ಉಂಟಾ ಆಂಟಿ?" ಸಂಚಿತಾ ಗಾಬರಿಯಾಗಿ ಕೇಳಿದಳು.

"ಎಂತ ತೊಂದರೆಯೂ ಇಲ್ಲ ಮಗಳೇ" ಅಂದಳು ನಾಝಿಮಾ. "ಹೀಗೇ ಸುಮ್ಮನೆ." ಅವಳಿಗೆ ನಗು ಬರುತ್ತಿತ್ತು, ತಡೆಯಲಾಗದ ನಗು. ಬಿದ್ದ ದಿನದಿಂದ ಹೀಗೆ ನಕ್ಕದ್ದಿಲ್ಲ.

ಮಕ್ಕಳ ತಕರಾರು ಅಲ್ಲೇ ಶುರುವಾಯಿತು.

"ಬೇಸ್ ಮಾಡೆಲಿಗೆ ರೀಸೇಲ್ ಇಲ್ಲ ಉಮ್ಮ" ಇಜಾಝ್ ಅಂದ.

"ಯಾರಿಗೆ ಮಾರುದು? ನನ್ನನ್ನೂ ಸೇರಿಸಿ ಮಾರ್ತೀಯಾ?"

"ಇಷ್ಟು ದೊಡ್ಡ ಕಂಪೆನಿ ಗಾಡಿ ತೆಗೆದು ಬಟ್ಟೆ ಸೀಟು ಅಂದ್ರೆ..." ಅನ್ಸಾರ್ ಗೊಣಗಿದ.

"ನೀನು ಬೇಕಾದ್ರೆ ನಿನ್ನ ದುಡ್ಡಲ್ಲಿ ಆಕಾಶ ತೆಗಿ."

ಹಾಜಿಯವರ ಸಂಕಟ ನಾಝಿಮಾಗೆ ಗೊತ್ತಿತ್ತು. ನಾಳೆ ಸುಲೈಮಾನ್ ಅಂಗಡಿಗೆ ಬಂದು ಯಾವ ಮಾಡೆಲ್ ಹಾಜಿಯವರೇ ಎಂದು ಕೇಳುತ್ತಾನೆ. ಎಲ್ಲಕ್ಕಿಂತ ಕೆಳಗಿನದು ಎಂದು ಹೇಳಬೇಕು. ತಂದೆಯ ಕಾಲದ ಕಾನೂನು ಈ ಯಾರ್ಡಿನ ಧೂಳಿನಲ್ಲಿ ಮುರಿದುಬೀಳಬೇಕು. ಅವರು ಗಾಡಿಯ ಸುತ್ತ ಒಂದು ಸುತ್ತು ಬಂದರು. ಆಮೇಲೆ ಹಿಂದಿನ ಬಾಗಿಲು ತೆರೆದು, ಹೆಂಡತಿಯ ಹಿಂದಿನ ಸೀಟಿನಲ್ಲಿ ಕೂತರು. ಕಾಲು ಚಾಚಿ, ಮೊಣಕಾಲನ್ನು ಒಮ್ಮೆ ಮಡಚಿ ನೋಡಿದರು.

"ಆ ನಡುವಿನದ್ರಲ್ಲಿ ನನಗೂ ಮೊಣಕಾಲು ನೋವಾಗಿತ್ತು" ಹಾಜಿಯವರು ಮೆಲ್ಲನೆ ಅಂದರು. "ಪಡೀಲ್ ತಲುಪುವಾಗಲೇ."

"ನಿಮ್ಮನ್ನು ಕೊಂಡೋದದ್ದು ಟಾಪ್‌ನಲ್ಲಿ."

"ಹೌದಾ? ಎರಡೂ ಒಂದೇ." ಅವರು ಗಂಟಲು ಸರಿಮಾಡಿಕೊಂಡು, ಅಂಗಡಿಯಲ್ಲಿ ಹೇಳುವ ಹಾಗೆ ಸಂಚಿತಾಳಿಗೆ ಹೇಳಿದರು: "ಇದನ್ನೇ ಕಟ್ಟಿ."

ಗಾಡಿ ಮನೆಗೆ ಬಂದದ್ದು ಮುಂದಿನ ವಾರ. ಶುಕ್ರವಾರ ಜುಮಾ ಮುಗಿಸಿ ಬಂದ ಗಂಡಸರು ಗೇಟಿನೊಳಗೆ ಕಾಲಿಡುವಷ್ಟರಲ್ಲೇ ನಾಝಿಮಾ ಮುಂದಿನ ಸೀಟಿನಲ್ಲಿ ಕೂತು, ಬೆಲ್ಟು ಹಾಕಿ ಕಾಯುತ್ತಿದ್ದಳು. ಅನ್ಸಾರ್ ಓಡಿಸಿದ. ಹಿಂದೆ ಹಾಜಿಯವರು, ಇಜಾಝ್, ರೈಹಾನಾ. ಸುಲೈಮಾನ್‌ಗೆ ಜಾಗವಿರಲಿಲ್ಲ. ದಾರಿಯುದ್ದಕ್ಕೂ ಅನ್ಸಾರ್ ಸ್ಪೀಕರಿನಲ್ಲಿ ದಮ್ಮಿಲ್ಲ ಎಂದು ದೂರಿದ. ದಾರಿಯುದ್ದಕ್ಕೂ ನಾಝಿಮಾ ಕಿಟಕಿ ಇಳಿಸಿ, ಎಲ್ಲಿ ಯಾವ ಹೊಸ ಕಟ್ಟಡ ಎದ್ದಿದೆ, ಎಲ್ಲಿ ಗದ್ದೆಯಿದ್ದಲ್ಲಿ ಕಾಲೇಜು ಬಂದಿದೆ ಎಂದು ಹೇಳುತ್ತಲೇ ಇದ್ದಳು.

ವಾಮಂಜೂರಿನಲ್ಲಿ ಪಾತುಮ್ಮ ಗಾಡಿಯ ಸದ್ದು ಕೇಳಿ ಹೊರಗೆ ಬಂದು, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಮಂಜುಗಣ್ಣನ್ನು ಕಿರಿದು ಮಾಡಿ, "ಯಾರದು?" ಎಂದು ಕೇಳಿದಳು.

ಗಾಡಿ ನಿಂತದ್ದೇ ಅನ್ಸಾರ್ ಆ ಕಡೆಯಿಂದ ಸುತ್ತಿ ಓಡಿಬಂದ. ಇಜಾಝ್ ಹಿಂದಿನಿಂದ ಹಾರಿದ. ಹಾಜಿಯವರೂ ಇಳಿದು ಬಂದರು. ಮೂವರೂ ಬಾಗಿಲ ಮುಂದೆ ಕೈ ಚಾಚಿ ನಿಂತರು. ಅಭ್ಯಾಸವಾಗಿಹೋಗಿತ್ತು.

"ಬದಿಗೆ ನಿಲ್ಲಿ" ಅಂದಳು ನಾಝಿಮಾ.

ರೈಹಾನಾ ಡಿಕ್ಕಿಯಿಂದ ವಾಕರ್ ತೆಗೆದು ತಂದು ಮುಂದೆ ಇಟ್ಟು, ಹಿಂದೆ ಸರಿದಳು. ನಾಝಿಮಾ ಎರಡೂ ಕಾಲು ಒಟ್ಟಿಗೆ ಹೊರಗೆ ತಿರುಗಿಸಿದಳು. ನೆಲ ಸಿಕ್ಕಿತು. ಎದ್ದು ನಿಂತಳು. ಬುರ್ಖಾ ಕೊಡವಿಕೊಂಡಳು. ಅಂಗಳ ದಾಟಿ, ಒಂದೊಂದೇ ಹೆಜ್ಜೆ ಊರಿ, ಅಕ್ಕನ ಮುಂದೆ ಹೋಗಿ ನಿಂತಳು.

ಪಾತುಮ್ಮ ಅವಳ ಮುಖ ಮುಟ್ಟಿದಳು, ಭುಜ ಮುಟ್ಟಿದಳು, ಆಮೇಲೆ ಅವಳ ಎರಡೂ ಪಕ್ಕದ ಗಾಳಿಯಲ್ಲಿ ಕೈಯಾಡಿಸಿ ತಡಕಿದಳು. ಅಲ್ಲಿ ಯಾರೂ ಇರಲಿಲ್ಲ.

"ನಾಝಿ, ನಿನ್ನನ್ನು ಯಾರು ಹಿಡ್ಕೊಂಡದ್ದು?"

"ಯಾರೂ ಇಲ್ಲ" ನಾಝಿಮಾ ಅಂದಳು. "ಯಾರೂ ಇಲ್ಲ."

ಪಾತುಮ್ಮ ಗಟ್ಟಿಯಾಗಿ ಅತ್ತೇಬಿಟ್ಟಳು. ನಾಝಿಮಾ ತಿರುಗಿ ನೋಡಿದಳು. ಗಾಡಿಯ ಹತ್ತಿರ ಗಂಡ, ಇಬ್ಬರು ಮಕ್ಕಳು ಇನ್ನೂ ಚಾಚಿದ ಕೈಯಲ್ಲೇ ನಿಂತಿದ್ದರು, ಆ ಕೈಗಳನ್ನು ಏನು ಮಾಡುವುದೆಂದು ತೋಚದೆ.

"ಎಂತ ನೋಡುದು?" ಅವಳು ಕೂಗಿ ಹೇಳಿದಳು. "ಕೈ ತೊಳ್ಕೊಂಡು ಒಳಗೆ ಬನ್ನಿ. ಊಟಕ್ಕೆ ಹೊತ್ತಾಯ್ತು."